ಪದ್ದಕ್ಕನ ಬಿಡುವಿನ ವಾರ

ಅಕ್ಕನ ಕೈ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಗಿದ್ದ ದಿನ ನಾನು ಹೋಗಲಿಲ್ಲ.

ಅವಳನ್ನು ನೆನೆದರೆ ಮೊದಲು ಕಾಣುವುದು ಬಸವನಗುಡಿಯ ಚಳಿಗಾಲದ ಬೆಳಗು. ಬೀದಿ ಮಂಜಿನಲ್ಲಿ ಕರಗಿಹೋಗಿ, ಎದುರುಮನೆಯ ಸಂಪಿಗೆ ಮರ ನೀರಿನಲ್ಲಿ ತೇಲುವಂತೆ ಇರುತ್ತಿತ್ತು. ನಾವೆಲ್ಲ ಕಂಬಳಿಯೊಳಗೆ ನಡುಗುತ್ತಿದ್ದರೆ ಪದ್ದಕ್ಕ ಜಗಲಿಯ ಮೇಲೆ ಕೂತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. “ನನ್ನೊಳಗೆ ಯಾರೋ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬ್ತಿದಾರೆ ಕಣೇ ಶಾರೀ,” ಎನ್ನುತ್ತಿದ್ದಳು.

ಅವಳಿಗೆ ವಯಸ್ಸಿಗೆ ಮೊದಲೇ ಮುಟ್ಟು ನಿಂತಿತ್ತು. ನಿದ್ದೆ ಹಾರಿಹೋಗಿತ್ತು. ಹಾಲು ಉಕ್ಕಿದರೂ ಅಳು. ಭಾವ ನಮ್ಮಿಬ್ಬರನ್ನೂ ಜಟಕಾದಲ್ಲಿ ಚಾಮರಾಜಪೇಟೆಯ ಲೇಡಿ ಡಾಕ್ಟರ ಹತ್ತಿರ ಕಳಿಸಿದರು. ಹೆಣ್ಣಿನ ಮೈಯಲ್ಲಿ ಹುಟ್ಟುವ ಒಂದು ರಸ ಅಕ್ಕನಲ್ಲಿ ಬತ್ತಿದೆ, ಈ ಮಾತ್ರೆ ಅದರ ಬದಲಿಗೆ ಎಂದರು ಡಾಕ್ಟರು. “ಮೂರು ವಾರ ತಗೊಳ್ಳಿ, ಒಂದು ವಾರ ಬಿಡಿ. ಬಿಟ್ಟ ವಾರ ಮುಟ್ಟಾದ್ರೆ ಗಾಬರಿ ಬೇಡ. ಬೇರೆ ಯಾವಾಗ ರಕ್ತ ಕಂಡ್ರೂ, ಎದೇಲಿ ಗಂಟು ಸಿಕ್ಕಿದ್ರೂ ತಕ್ಷಣ ಬನ್ನಿ. ನನ್ನ ಕೇಳದೆ ಏನೂ ಬದಲಾಯಿಸ್ಬೇಡಿ.” ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಅಷ್ಟು ನನಗೆ ಚೆನ್ನಾಗಿ ಅರ್ಥವಾಗಿತ್ತು.

ಅಕ್ಕನಿಗೆ ನಿದ್ದೆ ಮರಳಿತು. ಮಧ್ಯಾಹ್ನದ ಬಿಸಿಲು ಕೆಂಪು ನೆಲದ ಮೇಲೆ ನಿಧಾನವಾಗಿ ಸರಿಯುವಾಗ, ಅದರ ಪಕ್ಕದಲ್ಲೇ ಮಗುವಿನ ಹಾಗೆ ಮಲಗಿರುತ್ತಿದ್ದಳು. ಬಿಡುವಿನ ವಾರ ಮುಟ್ಟಾಗಿ, ನಮ್ಮ ಮನೆಯ ಪದ್ಧತಿಯಂತೆ ಹಿತ್ತಿಲ ಕೋಣೆಯಲ್ಲಿ ಕೂತಾಗಲೂ ತಮಾಷೆಯೇ. “ನಿಮ್ಮ ಭಾವಂಗೆ ಆಫೀಸ್ನಲ್ಲಿ ಇಷ್ಟು ರಜಾ ಕೊಡಲ್ಲ, ನೋಡು!”

ಆಗ ನನ್ನ ಮಗಳ ಮದುವೆ ನಿಶ್ಚಯವಾಯಿತು. ನಾನು ಗಂಡನನ್ನು ಕಳೆದುಕೊಂಡವಳು. ಧಾರೆ ಎರೆದುಕೊಡಬೇಕಾದವರು ಅಕ್ಕ, ಭಾವ. ಮುಹೂರ್ತ ಬಿಡುವಿನ ವಾರದಲ್ಲೇ ಬಂತು. ಅಕ್ಕ ಹೊರಗಾದರೆ ಮಂಟಪಕ್ಕೆ ಬರುವಂತಿಲ್ಲ.

“ಮದುವೆ ಮುಗಿಯೋವರ್ಗೂ ಮಾತ್ರೆ ನಿಲ್ಲಿಸ್ಬೇಡ ಅಕ್ಕ.”

“ಡಾಕ್ಟರನ್ನ ಒಂದ್ಮಾತು ಕೇಳೋಣ್ವೇನೇ?”

“ಅವರೇನು ಧಾರೆ ಎರೀತಾರಾ?”

ಅಕ್ಕ ನಕ್ಕು ಒಪ್ಪಿದಳು. ಧಾರೆಯ ನೀರು ಅವಳ ಕೈಯಿಂದ ಇಳಿದಾಗ ನನ್ನ ಕಣ್ಣು ತುಂಬಿತು. ಆದರೆ ಮದುವೆಯ ಹಿಂದೆಯೇ ಗೃಹಪ್ರವೇಶ, ಗೌರಿಹಬ್ಬ. ಪ್ರತಿಸಲವೂ ನಾನು ಅದೇ ಮಾತು ಹೇಳಿದೆ. ಬಿಡುವಿನ ವಾರ ಬರಲೇ ಇಲ್ಲ.

ಒಂದು ಬೆಳಿಗ್ಗೆ ಹಿತ್ತಿಲ ದಾಸವಾಳದ ಮರೆಯಲ್ಲಿ, ಟವೆಲಿನ ಕೆಳಗೆ ಒಣಹಾಕಿದ್ದ ಬಟ್ಟೆ ಕಂಡೆ. ಕಲೆ ಪೂರ್ತಿ ಹೋಗಿರಲಿಲ್ಲ.

“ಮಾತ್ರೆ ತಗೊಳ್ತಿದ್ರೂ ಆಗ್ತಿದೆ ಶಾರೀ. ಹೋಗಿ ತೋರಿಸ್ಕೊಂಡು ಬರೋಣ್ವಾ?”

“ಅಳಿಯ ಮೊದಲ ದೀಪಾವಳಿಗೆ ಬರ್ತಿದಾನಲ್ಲೇ. ಹಬ್ಬ ಮುಗೀಲಿ.”

ಹಬ್ಬ ಮುಗಿಯುವ ಮೊದಲೇ ಅಕ್ಕ ಬಚ್ಚಲಮನೆಯಲ್ಲಿ ಕುಸಿದಳು. ಬಿಡುವಿಲ್ಲದೆ ಮಾತ್ರೆ ನುಂಗಿ ಗರ್ಭಕೋಶದ ಒಳಪದರ ದಪ್ಪಗಟ್ಟಿ ರಕ್ತ ಹರಿಯುತ್ತಿತ್ತಂತೆ; ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆದರು. ಯಾಕೆ ನಿಲ್ಲಿಸಲಿಲ್ಲ ಎಂದು ಡಾಕ್ಟರು ಕೇಳಿದಾಗ ಅಕ್ಕ ನನ್ನತ್ತ ನೋಡಲೂ ಇಲ್ಲ. “ನಾನೇ ವಾರ ಮರೆತೆ ಡಾಕ್ಟ್ರೇ.” ನಾನು ಮಂಚದ ಕಾಲು ನೋಡುತ್ತ ನಿಂತೆ. “ಮರೆಯೋರ ಕೈಗೆ ಇದನ್ನ ಕೊಡಲ್ಲ,” ಎಂದು ಅವರು ಮಾತ್ರೆಯನ್ನೇ ನಿಲ್ಲಿಸಿಬಿಟ್ಟರು. ಉರಿ ಮರಳಿತು, ನಿದ್ದೆ ಮತ್ತೆ ಹಾರಿಹೋಯಿತು.

ಮುಂದಿನ ಬೇಸಿಗೆಯಲ್ಲಿ ಭಾವನಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಅಲ್ಲಿಂದ ಅಕ್ಕ ಮರಳಲಿಲ್ಲ. ಹೊರಟ ಆ ಬೆಳಿಗ್ಗೆಯೇ ನಾನು ಅವಳನ್ನು ಕೊನೆಯದಾಗಿ ಕಂಡದ್ದು. ಜಟಕಾ ಬಾಗಿಲಲ್ಲಿತ್ತು. ಅಕ್ಕ ಏನೋ ಮರೆತು ಒಳಗೆ ಹೋಗಿ ಬಂದಳು. ಭಾವ ಸಿಡುಕಿದರು: “ವಾರವನ್ನೇ ಮರೆತು ಸಾಯೋಕೆ ಹೋದೋಳು, ಇದನ್ನೇನು ನೆನಪಿಟ್ಕೋತೀಯ!” ಅಕ್ಕ ಎಂದಿನಂತೆ ನಕ್ಕುಬಿಟ್ಟಳು.

ಆ ನಗುವನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬೀದಿಯಲ್ಲೇ, ಭಾವನ ಎದುರಿಗೇ ಅವಳ ಎರಡೂ ಕೈ ಹಿಡಿದುಕೊಂಡೆ.

“ಅವಳು ಮರೀಲಿಲ್ಲ ಭಾವ. ನಿಲ್ಲಿಸ್ಬೇಡ ಅಂದೋಳು ನಾನು. ರಕ್ತ ಕಂಡ್ಮೇಲೂ ಹಬ್ಬ ಮುಗೀಲಿ ಅಂದೋಳು ನಾನು. ಡಾಕ್ಟರ ಮುಂದೆ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು ಕಣೇ ಅಕ್ಕಾ.”