ಅಣ್ಣನ ತೊಟ್ಟಿ ಕಪ್ಪಾದ ತಿಂಗಳು

ನಮ್ಮೂರಿನ ಮುನ್ನೂರು ಮನೆಗಳ ಬಚ್ಚಲು, ಪಾಯಿಖಾನೆ ನೀರೆಲ್ಲ ಹೋಗಿ ಸೇರುತ್ತಿದ್ದದ್ದು ಊರಾಚೆಯ ಮೂರು ತೊಟ್ಟಿಗಳಿಗೆ. ಅಲ್ಲಿ ಅದನ್ನು ಶುದ್ಧಮಾಡಿ ಹಳ್ಳಕ್ಕೆ ಬಿಡುವ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದವನು ನನ್ನ ಅಣ್ಣ. ಊರವರು ಅವನನ್ನು 'ಗಲೀಜು ಡಾಕ್ಟರು' ಎನ್ನುತ್ತಿದ್ದರು. "ಡಾಕ್ಟರು ಅಂತಾರಲ್ಲ, ಸಾಕು ಬಿಡೆ" ಎಂದು ಅವನು ನಗುತ್ತಿದ್ದ. ಅವಮಾನವಾಗುತ್ತಿದ್ದದ್ದು ನನಗೆ.

ದಿನಾ ಬೆಳಿಗ್ಗೆ ನಡುವಿನ ತೊಟ್ಟಿಯ ನೀರನ್ನು ಗಾಜಿನ ಜಾಡಿಗೆ ತುಂಬಿ, ಅರ್ಧ ಗಂಟೆ ಅದರ ಮುಂದೆ ಕೂರುತ್ತಿದ್ದ. ಕಂದು ಕೆಸರು ತಳಕ್ಕಿಳಿದು ಮೇಲೆ ತಿಳಿನೀರು ನಿಂತರೆ ಅವನಿಗೆ ಅನ್ನ ರುಚಿಸುತ್ತಿತ್ತು. "ಆ ಕೆಸರಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ ಕಣೆ. ಊರಿನ ಕೊಳೆ ತಿನ್ನೋದು ಅವು. ಅವು ಉಸಿರಾಡಲಿ ಅಂತ ನಾನು ಬರೀ ಗಾಳಿ ಊದಿಸ್ತೀನಿ" ಎನ್ನುತ್ತಿದ್ದ. "ನನಗೆ ಜ್ವರ ಬಂದಾಗ ಹೀಗೆ ಪಕ್ಕದಲ್ಲಿ ಕೂತಿದ್ದು ಕಾಣೆ" ಎಂದು ಅತ್ತಿಗೆ ಕುಟುಕುತ್ತಿದ್ದಳು.

ನಾನು ಊರಿನ ಹಾಸ್ಟೆಲಿನಲ್ಲಿ ಶುಚಿ ಕೆಲಸ ನೋಡಿಕೊಳ್ಳುತ್ತಿದ್ದೆ. ಒಮ್ಮೆ ಅಧಿಕಾರಿಗಳು ತಪಾಸಣೆಗೆ ಬರುವ ಹಿಂದಿನ ದಿನ ಬಚ್ಚಲುಗಳು ನಾರುತ್ತಿದ್ದವು. "ನಾತ ಅಂದ್ರೆ ಅಣ್ಣ ತಂಗಿ ಇಬ್ಬರಿಗೂ ಪ್ರೀತಿ" ಎಂದು ವಾರ್ಡನ್ ಎಲ್ಲರೆದುರು ಚುಚ್ಚಿದರು. ನನಗೆ ಸಿಟ್ಟು ನೆತ್ತಿಗೇರಿತು. ವರ್ಷಕ್ಕೆಂದು ತರಿಸಿದ್ದ ನಾಲ್ಕು ಡ್ರಮ್ಮು ಬ್ಲೀಚಿಂಗ್ ನೀರನ್ನು ಒಂದೇ ಮಧ್ಯಾಹ್ನ, ಅಣ್ಣನ ತೊಟ್ಟಿಗೇ ಹೋಗುವ ಮೋರಿಗೆ ಸುರಿಸಿಬಿಟ್ಟೆ. ಅದು ತೊಟ್ಟಿಯ ಜೀವಗಳನ್ನು ಕೊಲ್ಲುತ್ತದೆ, ಅಳತೆ ಮೀರಿ ಬಳಸಬೇಡ ಎಂದು ಅಣ್ಣ ಹೇಳಿದ್ದು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೂರನೇ ದಿನಕ್ಕೆ ತೊಟ್ಟಿ ಕಪ್ಪಾಯಿತು. ಊರೆಲ್ಲ ಗಬ್ಬು. ಹಳ್ಳದಲ್ಲಿ ಮೀನು ಸತ್ತು ತೇಲಿದವು. ಅಣ್ಣ ಮನೆಮನೆಗೂ ಹೋಗಿ ವಿಚಾರಿಸಿ, ಕೊನೆಗೆ ಹಾಸ್ಟೆಲಿಗೂ ಬಂದ.

"ಇಲ್ಲಿಂದ ಏನಾದ್ರೂ ಸುರಿದ್ರೇನೆ?"

"ನಮಗೇನು ಬೇರೆ ಕೆಲಸ ಇಲ್ವಾ?" ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟು ದಡ್ಡಿಯಲ್ಲ, ಕೈಯನ್ನು ಬಿಗಿಹಿಡಿದು ನಿಂತಿದ್ದೆ. ತಂಗಿ ಸುಳ್ಳು ಹೇಳಿಯಾಳು ಎಂದು ಅವನಿಗೆ ಹೊಳೆಯಲೂ ಇಲ್ಲ. "ಹಾಗಾದ್ರೆ ನಾನೇ ಎಲ್ಲೋ ಎಡವಟ್ಟು ಮಾಡಿದೀನಿ" ಎಂದು ಹೊರಟುಹೋದ.

ಗಾಳಿ ಹೆಚ್ಚಿಸಿದ, ತಗ್ಗಿಸಿದ, ಯಂತ್ರವನ್ನೇ ಬಿಚ್ಚಿ ಜೋಡಿಸಿದ. ತಿಂಗಳಾದರೂ ನೀರು ತಿಳಿಯಾಗಲಿಲ್ಲ. ಊರಿನ ಸಮಿತಿ ಅವನನ್ನು ಕೆಲಸದಿಂದ ತೆಗೆಯಿತು. ಅವನು ಎದುರಾಡದೆ ಮಿಲ್ಲೊಂದರ ಗೇಟು ಕಾಯಲು ಸೇರಿಕೊಂಡ. ಮನೆಯ ನಲ್ಲಿ ಸೋರಿದರೂ "ಬೇರೆಯವರನ್ನ ಕರೀರಿ, ನನ್ನ ಕೈ ಸರಿಯಿಲ್ಲ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ಬಾಯಿ ಮಾತ್ರ ಬಿಡಲಿಲ್ಲ. ನನ್ನ ಕೆಲಸ ನನಗೆ ಬೇಕಿತ್ತು.

ಏಳು ವರ್ಷದ ಮೇಲೆ, ನಾನು ಹಾಸ್ಟೆಲಿನಿಂದ ನಿವೃತ್ತಳಾದ ವಾರ, ಅವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದೇ ಹೋಗಿದ್ದೆ.

"ಎಷ್ಟು ಸುರಿದೆ?" ಎಂದು ಕೇಳಿದ.

"ನಾಲ್ಕು ಡ್ರಮ್ಮು."

"ಅಷ್ಟಾದ್ರೆ ಕೆಸರಲ್ಲಿ ಒಂದು ಜೀವವೂ ಉಳಿಯಲ್ಲ. ನಾನು ಬದುಕಿವೆ ಅಂದ್ಕೊಂಡು ತಿಂಗಳಿಡೀ ಗಾಳಿ ಊದಿಸಿದೆ. ಅವತ್ತೇ ಹೇಳಿದ್ದಿದ್ರೆ ಪಕ್ಕದೂರಿನ ತೊಟ್ಟಿಯಿಂದ ಎರಡು ಟ್ಯಾಂಕರ್ ಜೀವ ಇರೋ ಕೆಸರು ತಂದು ಸುರೀತಿದ್ದೆ. ಹತ್ತೇ ದಿನದಲ್ಲಿ ಸರಿಹೋಗ್ತಿತ್ತು ಕಣೆ."

ಆಮೇಲೆ ಅವನೇ ಕೇಳಿದ.

"ಹಾಗಾದ್ರೆ ನನ್ನ ತಪ್ಪು ಏನೂ ಇರಲಿಲ್ಲ, ಅಲ್ವಾ?"

"ಇರಲಿಲ್ಲ ಅಣ್ಣ."

ಅವನು ಎದ್ದು ನಿಂತು, ಒಳಗಿದ್ದ ಅತ್ತಿಗೆಯನ್ನು ಕೂಗಿ ಕರೆದ. ಅವಳು ಬಂದ ಮೇಲೆ ನನ್ನತ್ತ ತಿರುಗಿದ.

"ಇವಳ ಮುಂದೆ ಇನ್ನೊಂದ್ಸಲ ಹೇಳು" ಎಂದ.