ಹಕ್ಕಿಯ ಬಾಣಂತನ

ಮೆಟ್ರೋ ಕಂಬಗಳು ಇನ್ನೂ ಏಳದಿದ್ದ ಕಾಲ. ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ, ಟೀವಿ ಪಕ್ಕ, ಒಂದು ಜೋಡಿ ಲವ್ ಬರ್ಡ್ಸ್ ಇದ್ದವು. ಗಂಡು ನೀಲಿ, ಹೆಣ್ಣು ಹಳದಿ. ಹೆಣ್ಣು ಮೊಟ್ಟೆ ಇಟ್ಟಿದ್ದೇ ತಡ, ನಮ್ಮತ್ತೆಗೆ ಸಂಭ್ರಮವೋ ಸಂಭ್ರಮ. "ಬಾಣಂತಿ ಕಣೇ ಅದು," ಅಂತ ಪಂಜರದಲ್ಲಿ ತೂಗುಹಾಕಿದ್ದ ಪುಟ್ಟ ಮಡಕೆಯೊಳಗೆ ಹಳೇ ಹತ್ತಿ ಸೀರೆಯ ತುಂಡು ಹಾಸಿದರು. ಹೊತ್ತು ಹೊತ್ತಿಗೆ ನೆನೆಸಿದ ಹೆಸರುಕಾಳು, ತುರಿದ ಕ್ಯಾರೆಟ್ಟು. ನನ್ನ ಬಾಣಂತನ ಆಗಿದ್ದು ತವರಿನಲ್ಲೇ, ಸರಿ. ಆದರೂ ನೋಡಿ ನೋಡಿ ಹೊಟ್ಟೆ ಉರೀತಿತ್ತು.

ಮರಿ ಒಂದೂ ಆಗಲಿಲ್ಲ. ಹಕ್ಕಿ ಮಾತ್ರ ಮತ್ತೆ ಇಟ್ಟಿತು, ಮತ್ತೆ ಇಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಕೋಲಿನ ಮೇಲೆ ಕೂರಲೂ ತ್ರಾಣವಿಲ್ಲದೆ, ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಮುದುಡಿ ಕೂತಿದೆ.

ಬಸವೇಶ್ವರನಗರದ ಪ್ರಾಣಿ ಡಾಕ್ಟರು ಕ್ಯಾಲ್ಸಿಯಂ ಹನಿ ಹಾಕಿ ಹೇಳಿದರು: "ಇನ್ನೊಂದು ಸಲ ಮೊಟ್ಟೆಗೆ ಕೂತರೆ ಇದು ಉಳಿಯೋದು ಕಷ್ಟ. ಗಂಡನ್ನ ಬೇರೆ ಇಡಿ, ಮಡಕೆ ತೆಗೀರಿ. ನೆನೆಸಿದ ಕಾಳು ಬೇಡ, ನವಣೆ, ಸೊಪ್ಪು ಸಾಕು. ಸಂಜೆ ಬೇಗ ಪಂಜರ ಮುಚ್ಚಿಬಿಡಿ. ಬೆಳಕು ಜಾಸ್ತಿಯಾದಷ್ಟೂ ಇಡ್ತಾನೇ ಇರುತ್ತೆ."

ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ಕೆಂಡಾಮಂಡಲವಾದರು. "ಬಾಣಂತಿ ಬಾಯಿಂದ ಕಿತ್ಕೋತಾರಾ? ದೀಪ ಹಚ್ಚೋ ಹೊತ್ತಲ್ಲಿ ಕತ್ತಲೆ ಮಾಡ್ತಾರಾ? ಯಾವ ಸೀಮೆ ಡಾಕ್ಟರೇ ಅವನು!"

ನನಗೂ ರೇಗಿತು. "ನಿಮ್ಮ ಉಪಚಾರದಿಂದಲೇ ಅದು ಸಾಯ್ತಾ ಇರೋದು ಅತ್ತೆ! ಚೆನ್ನಾಗಿ ತಿನ್ನಿಸಿ ಬೆಚ್ಚಗೆ ಜಾಗ ಮಾಡಿಕೊಟ್ರೆ, ಇನ್ನೊಂದು ಹೆರು ಅಂದ ಹಾಗೇ ಅದಕ್ಕೆ."

ಅತ್ತೆ ಹೆತ್ತದ್ದು ಎಂಟು, ಉಳಿದದ್ದು ಮೂರು. ಅವರು ತಾವೇ ಎದ್ದು ಪಂಜರಕ್ಕೆ ಕೈ ಹಾಕಿದರು. ಅಷ್ಟು ನಿತ್ರಾಣದಲ್ಲೂ ಹಕ್ಕಿ ಬೆರಳು ಕಚ್ಚಿತು. "ಕಚ್ಚು, ಕಚ್ಚು," ಅಂತಲೇ ಮಡಕೆ ಈಚೆ ತೆಗೆದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ನಮ್ಮಮ್ಮನೂ ಪ್ರತಿ ಸಲ ಹೀಗೇ ತಿನ್ನಿಸಿ, ಮೈ ತುಂಬಿಸಿ ಗಂಡನ ಮನೆಗೆ ವಾಪಸ್ ಕಳಿಸೋಳು ಕಣೇ."

ನಾನು ಅಷ್ಟು ಜೋರು ಮಾಡಬಾರದಿತ್ತು ಅನ್ನಿಸಿತು.

ಹಕ್ಕಿ ನಿಧಾನಕ್ಕೆ ಚೇತರಿಸಿಕೊಂಡು ಮತ್ತೆ ಕೋಲು ಹತ್ತಿತು. ಅಂದಿನಿಂದ ಅತ್ತೆ ಸಂಜೆ ದೇವರಿಗೆ ದೀಪ ಹಚ್ಚಿದವರೇ ನೇರ ಹಾಲಿಗೆ ಬರೋರು. ಸೀರಿಯಲ್ಲಿನ ಹೊತ್ತಾಗಿದ್ದರೂ ಟೀವಿ ಹಾಕುತ್ತಿರಲಿಲ್ಲ. ತಮ್ಮ ಹಳೇ ಸೀರೆಯನ್ನ ಪಂಜರದ ಸುತ್ತ ಹೊದಿಸಿ, ಒಳಕ್ಕೆ ಬಗ್ಗಿ, ದಿನಾ ಒಂದೇ ಮಾತು ಹೇಳೋರು:

"ಸಾಕು ಕಣಮ್ಮ. ಇನ್ನು ಸಾಕು. ಮಲಕ್ಕೋ."