ಹನ್ನೊಂದು ದಿನದ ಟರ್ನರ್

ಮಾಕಳಿಯ ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದ ವರ್ಷ ಮಹಾನಂದಾಳಿಗೆ ಗಣಿತದಲ್ಲಿ ತೊಂಬತ್ತಾರು ಬಂದಿತ್ತು. ಗಣಿತದ ವಸಂತಮ್ಮ ಟೀಚರ್ ಅವಳನ್ನು ಕರೆದು ಬೆನ್ನು ತಟ್ಟಿ, "ಆರ್ಟ್ಸ್ ತಗೊಂಡು ಆಮೇಲೆ ಡಿಎಡ್ ಮಾಡ್ಕೊಳ್ಳೇ. ಹೆಣ್ಮಕ್ಕಳಿಗೆ ಟೀಚರ್ ಕೆಲಸದಷ್ಟು ನೆಮ್ಮದಿ ಬೇರೆ ಯಾವುದ್ರಲ್ಲೂ ಇಲ್ಲ" ಎಂದರು. ಅವಳ ಹಿಂದೆಯೇ ಒಳಗೆ ಬಂದ, ಐವತ್ತೆರಡು ತೆಗೆದಿದ್ದ ಹುಡುಗನಿಗೆ ಅದೇ ಟೀಚರ್ ಇಂಜಿನಿಯರಿಂಗ್ ಡಿಪ್ಲೊಮಾಗೆ ಅರ್ಜಿ ಹಾಕಲು ಹೇಳಿದ್ದು ಬಾಗಿಲು ದಾಟುತ್ತಿದ್ದ ಮಹಾನಂದಾಳ ಕಿವಿಗೂ ಬಿತ್ತು.

ಅವಳಿಗೆ ಟೀಚರ್ ಆಗುವ ಆಸೆ ಎಂದೂ ಇರಲಿಲ್ಲ. ಅಪ್ಪ ಸೋಮಪ್ಪ ಕುಷ್ಟಗಿ ಕಡೆಯವನು. ತುಮಕೂರು ರಸ್ತೆಯುದ್ದಕ್ಕೂ ಏಳುತ್ತಿದ್ದ ಕಟ್ಟಡಗಳಲ್ಲಿ ಕಾಂಕ್ರೀಟ್ ಸುರಿಯಲು ಸೆಂಟ್ರಿಂಗ್ ಹಲಗೆ ಹೊಡೆಯುವುದು ಅವನ ಕೆಲಸ. ರಜೆ ಬಂತೆಂದರೆ ಮಗಳು ಅವನ ಹಿಂದೆ ಹೋಗಿ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಹಲಗೆ ಅರ್ಧ ಇಂಚು ಓರೆಯಾಗಿದ್ದರೆ ಟೇಪು ಇಡುವ ಮೊದಲೇ ಹೇಳಿಬಿಡುತ್ತಿದ್ದಳು. ಮೇಸ್ತ್ರಿ ಕೊಟ್ರಪ್ಪ ನಗುತ್ತಾ, "ಸೋಮಪ್ಪ, ನಿನ್ನ ಮಗಳ ಕಣ್ಣಾಗ ರಸಮಟ್ಟ ಐತಲೇ" ಎನ್ನುತ್ತಿದ್ದ. ಒಂದು ಸಲ ಕಬ್ಬಿಣದ ಸಾಮಾನು ತರಲು ಅಪ್ಪನ ಜೊತೆ ಪೀಣ್ಯಕ್ಕೆ ಹೋದಾಗ, ತೆರೆದ ಶಟರಿನೊಳಗೆ ಲೇತ್ ತಿರುಗುತ್ತಿದ್ದುದನ್ನು, ಕಬ್ಬಿಣದ ಸಿಪ್ಪೆ ಸುರುಳಿಯಾಗಿ ಏಳುತ್ತಿದ್ದುದನ್ನು ಕಂಡು ನಿಂತಲ್ಲೇ ನಿಂತಿದ್ದಳು. ಅವತ್ತಿನಿಂದ ಅವಳ ಬಾಯಲ್ಲಿ ಒಂದೇ ಮಾತು, ಲೇತ್ ನಡೆಸುವ ಟರ್ನರ್ ಆಗಬೇಕು.

ಐಟಿಐನಲ್ಲಿ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಹುಡ್ಗೀರಿಗೆ ಡ್ರೆಸ್ ಮೇಕಿಂಗ್ ಇದೆ, ಕಂಪ್ಯೂಟರ್ ಇದೆ. ಟರ್ನರ್ ಯಾಕಮ್ಮ? ಮೈ ಕೈಯೆಲ್ಲ ಗ್ರೀಸು."

ಸೋಮಪ್ಪ ಕೈ ಮುಗಿದು ಮುಂದೆ ಬಂದ. "ಸಾಹೇಬ್ರ, ನಾ ಓದಿದಾಂವ ಅಲ್ರಿ. ಆಕಿ ಏನ್ ಹೇಳ್ತಾಳ ಅದನ್ನ ಬರಕೋರಿ."

ಮನೆಯಲ್ಲಿ ಅವ್ವ ಚನ್ನಕ್ಕ ಎರಡು ದಿನ ಗಂಡನೊಂದಿಗೆ ಮಾತು ಬಿಟ್ಟಳು. "ಇಪ್ಪತ್ತು ಗಂಡು ಹುಡುಗರ ನಡುವ ಒಬ್ಬಾಕಿನ್ನ ಬಿಟ್ಟು ಬಂದೀಯಲ್ಲ, ನಾಳೆ ಆಕಿನ್ನ ಯಾರು ಮಾಡಿಕೋತಾರ?" ಎಂಬುದು ಅವಳ ಅಳಲು. ಸೋಮಪ್ಪ ಹಳೆಯ ಸೀರೆಯೊಂದನ್ನು ಕತ್ತರಿಸಿ, ಮಗಳು ಜಡೆ ಸುತ್ತಿ ಕಟ್ಟಿಕೊಳ್ಳಲು ತಲೆವಸ್ತ್ರ ಮಾಡಿಕೊಟ್ಟ.

ಎರಡು ವರ್ಷ ಮಹಾನಂದಾ ಅದೇ ವಸ್ತ್ರ ಕಟ್ಟಿಕೊಂಡು ಲೇತಿನ ಮುಂದೆ ನಿಂತಳು. ಮೊದಮೊದಲು ಹುಡುಗರು ನಕ್ಕರು. ಮೂರು ತಿಂಗಳಾದ ಮೇಲೆ ಕೆಲಸ ಕೆಟ್ಟಾಗಲೆಲ್ಲ ಅವಳ ಹತ್ತಿರ ಬಂದರು. ವಿಜಯಪುರದ ಸಂಗಮೇಶನಿಗಂತೂ ಮರೆ ಹಾಕುವುದನ್ನು, ಅಂದರೆ ಸರಳಿನ ಮೇಲೆ ಸ್ಕ್ರೂವಿನ ಗೆರೆ ಕೊರೆಯುವುದನ್ನು, ಅವಳೇ ಕಲಿಸಿದಳು. ಪರೀಕ್ಷೆಯಲ್ಲಿ ಅವಳು ಟ್ರೇಡಿಗೇ ಮೊದಲಿಗಳು, ಸಂಗಮೇಶ ಹದಿನಾಲ್ಕನೆಯವನು.

ಕೆಲಸಕ್ಕೆ ಆರಿಸಿಕೊಳ್ಳಲು ಬಂದ ಕಾರ್ಖಾನೆಗಳು ಹುಡುಗರನ್ನು ಒಬ್ಬೊಬ್ಬರಾಗಿ ಕರೆದುಕೊಂಡು ಹೋದವು. ಒಂದು ಕಡೆ ಹೆಂಗಸರಿಗೆ ಶೌಚಾಲಯ ಇಲ್ಲವೆಂದರು. ಇನ್ನೊಂದು ಕಡೆ ಮದುವೆ ಯಾವಾಗ ಎಂದು ಕೇಳಿದರು. ಮತ್ತೊಂದು ಕಡೆ ಅವಳ ಅಂಕಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿ, "ತುಂಬಾ ಚೆನ್ನಾಗಿದೆ" ಎಂದು ವಾಪಸ್ ಕೊಟ್ಟರು. ಒಂಬತ್ತು ತಿಂಗಳಾದ ಮೇಲೆ ಪೀಣ್ಯ ಎರಡನೇ ಹಂತದ ಒಂದು ವರ್ಕ್‌ಶಾಪಿನಲ್ಲಿ ಜಾಗ ಸಿಕ್ಕಿತು. ಮೆಷಿನ್ನಿನ ಮೇಲಲ್ಲ, ತಪಾಸಣೆಯ ಟೇಬಲ್ಲಿನಲ್ಲಿ. ಪಂಪುಗಳಿಗೆ ಹಾಕುವ ಬುಷ್‌ಗಳನ್ನು, ಅಂದರೆ ಉಕ್ಕಿನ ಸಣ್ಣ ಕೊಳವೆಗಳನ್ನು, ಒಂದೊಂದಾಗಿ ಗೇಜಿನಲ್ಲಿ ಅಳೆದು, ಸರಿಯಿದ್ದದ್ದು ಒಂದು ಟ್ರೇಗೆ, ಕೆಟ್ಟದ್ದು ಇನ್ನೊಂದಕ್ಕೆ ಹಾಕುವುದು. ಅಲ್ಲಿ ಕೂತಿದ್ದವರೆಲ್ಲ ಹೆಂಗಸರೇ.

"ಹೆಣ್ಮಕ್ಕಳ ಕಣ್ಣು ಸೂಕ್ಷ್ಮ ಕಣಮ್ಮ, ಈ ಕೆಲಸಕ್ಕೆ ನೀವೇ ಸರಿ" ಎಂದರು ಉಸ್ತುವಾರಿಯ ಗೋಪಾಲಕೃಷ್ಣ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಬಂದವರು, ಕೆಟ್ಟ ಮನುಷ್ಯರಲ್ಲ. "ಸ್ವಲ್ಪ ದಿನ ಇಲ್ಲಿರು, ಆಮೇಲೆ ಮೆಷಿನ್ ನೋಡೋಣ" ಎಂದೂ ಸೇರಿಸಿದರು.

ಆ ಸ್ವಲ್ಪ ದಿನ ಏಳು ವರ್ಷವಾಯಿತು. ನಡುವೆ ಸಂಗಮೇಶನೂ ಅದೇ ವರ್ಕ್‌ಶಾಪಿಗೆ ಬಂದು ನಾಲ್ಕನೇ ಮೆಷಿನ್ನಿಗೆ ನಿಂತ. ಅವನು ಕೊರೆದದ್ದನ್ನು ಇವಳು ಅಳೆಯುತ್ತಿದ್ದಳು. ಹತ್ತು ಬುಷ್ ಅಳೆಯುವಷ್ಟರಲ್ಲಿ ಉಕ್ಕು ಕೊರೆಯುವ ಟೂಲು ಎಷ್ಟು ಸವೆದಿದೆ, ಇನ್ನೆಷ್ಟು ಹೊತ್ತಿಗೆ ಮಾಲು ಕೆಡುತ್ತದೆ ಎಂದು ಅವಳಿಗೆ ತಿಳಿಯುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ, "ಸಂಗಮೇಶ, ಟೂಲ್ ಬದಲಿ ಮಾಡು, ಇನ್ನ ತಡದ್ರ ಕೆಡತೈತಿ" ಎಂದು ಮೆಲ್ಲಗೆ ಹೇಳಿ ಬರುತ್ತಿದ್ದಳು. ನಾಲ್ಕನೇ ಮೆಷಿನ್ನಿನ ಮಾಲು ಕೆಡುವುದೇ ನಿಂತಿತು. ಮಾಲೀಕರು ಸಂಗಮೇಶನಿಗೆ ಶಾಲು ಹೊದಿಸಿದರು. ಅವನು ಆ ದಿನ ಟೇಬಲ್ಲಿನ ಕಡೆ ನೋಡಲಾರದೆ ತಲೆ ತಗ್ಗಿಸಿಕೊಂಡು ಊಟಕ್ಕೆ ಹೋದ.

ಅವನು ಮದುವೆಗೆಂದು ಊರಿಗೆ ಹೋದಾಗ ಅರ್ಜೆಂಟಿನ ಆರ್ಡರು ಬಂದಿತ್ತು. ಬೇರೆ ಆಪರೇಟರು ಸಿಗದೆ ಗೋಪಾಲಕೃಷ್ಣ, "ಬಾಮ್ಮ, ನಿಂತ್ಕೋ" ಎಂದರು. ಹನ್ನೊಂದು ದಿನ ಮಹಾನಂದಾ ನಾಲ್ಕನೇ ಮೆಷಿನ್ನಿಗೆ ನಿಂತಳು. ಮೊದಲ ಬುಷ್ ಬಿಸಿಬಿಸಿಯಾಗಿ ಅಂಗೈಗೆ ಬಂದಾಗ ಅವಳ ಕಣ್ಣು ತುಂಬಿ ಗೇಜಿನ ಗೆರೆ ಕಾಣಲಿಲ್ಲ. ಆ ಹನ್ನೊಂದು ದಿನದಲ್ಲಿ ಒಂದೇ ಒಂದು ಬುಷ್ ಕೂಡ ಕೆಡಲಿಲ್ಲ.

ಅದರ ನಡುವೆ ಒಂದು ದಿನ ಸೋಮಪ್ಪ ಅರ್ಧ ದಿನದ ಕೆಲಸ ಬಿಟ್ಟು, ರೊಟ್ಟಿಯ ಗಂಟು ಹಿಡಿದು ವರ್ಕ್‌ಶಾಪಿಗೆ ಬಂದ. ವಾಚ್‌ಮನ್ ಶಟರಿನ ಪಕ್ಕದಿಂದ ಇಣುಕಲು ಬಿಟ್ಟ. ಮಗಳು ಬೂಟು, ಕನ್ನಡಕ ಹಾಕಿಕೊಂಡು ಮೆಷಿನ್ನಿನ ಗುಂಡಿ ಒತ್ತುವುದನ್ನು ಅವನು ಬಹಳ ಹೊತ್ತು ನೋಡಿದ. ಕರೆಯಲಿಲ್ಲ. ಗಂಟನ್ನು ವಾಚ್‌ಮನ್ ಕೈಗೆ ಕೊಟ್ಟು, "ಆಕಿ ನನ್ನ ಮಗಳ್ರಿ" ಎಂದಷ್ಟೇ ಹೇಳಿ ಹೋದ.

ಹನ್ನೆರಡನೇ ದಿನ ಸಂಗಮೇಶ ಬಂದ. "ತುಂಬಾ ಚೆನ್ನಾಗ್ ಮಾಡ್ದೆ ಕಣಮ್ಮ" ಎಂದರು ಗೋಪಾಲಕೃಷ್ಣ. "ಈಗ ಟೇಬಲ್‌ಗೆ ಹೋಗು, ಅಲ್ಲಿ ಮಾಲು ಗುಡ್ಡೆ ಬಿದ್ದಿದೆ."

"ಸಾರ್, ಐದನೇ ಮೆಷಿನ್ ಖಾಲಿ ಐತಲ್ಲ. ನಾನು ನಿಂದ್ರತೀನಿ."

"ಓನರ್‌ನ ಕೇಳ್ದೆ, ಬೇಡ ಅಂದ್ರು. ಮೆಷಿನ್ ಅಂದ್ಮೇಲೆ ಸೆಕೆಂಡ್ ಶಿಫ್ಟೂ ಇರುತ್ತೆ, ಬಿಡೋಷ್ಟರಲ್ಲಿ ರಾತ್ರಿಯಾಗುತ್ತೆ."

"ಅದಕ್ಕೂ ಬರ್ತೀನಿ ಸಾರ್."

"ನೀನು ಬರ್ತೀಯಮ್ಮ. ನಾಳೆ ದಾರೀಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ? ನಂಗೂ ಹೆಣ್ಮಕ್ಕಳಿದ್ದಾರೆ." ಅವರ ದನಿಯಲ್ಲಿ ನಿಜವಾದ ಕಳಕಳಿಯಿತ್ತು. ಅವಳು ಟೇಬಲ್ಲಿಗೆ ಹೋಗಿ ಮತ್ತೆ ಗೇಜು ಕೈಗೆತ್ತಿಕೊಂಡಳು.

ಆ ಸಂಜೆ ಮನೆಗೆ ಬಂದರೆ ಸೋಮಪ್ಪ ವಠಾರದ ನಾಲ್ಕು ಜನರನ್ನು ಕೂಡಿಸಿಕೊಂಡು ಮಗಳ ಮೆಷಿನ್ನಿನ ವರ್ಣನೆ ಮಾಡುತ್ತಿದ್ದ. "ಇವತ್ತು ಎಷ್ಟು ಮಾಡಿದಿ ಯವ್ವಾ?" ಎಂದು ಕೇಳಿದ. ಮಹಾನಂದಾ "ಇನ್ನೂರ ನಲವತ್ತು" ಎಂದಳು. ಅದು ಅವಳು ಅಳೆದ ಬುಷ್‌ಗಳ ಲೆಕ್ಕ. ಅಂದಿನಿಂದ ದಿನಾ ಸಂಜೆ ಅಪ್ಪ ಕೇಳುತ್ತಿದ್ದ, ದಿನಾ ಅವಳು ಒಂದು ಸಂಖ್ಯೆ ಹೇಳುತ್ತಿದ್ದಳು. ಸುಳ್ಳು ಒಂದು ವರ್ಷ ನಡೆಯಿತು.

ಅವಳಿಗಿಂತ ಹತ್ತು ವರ್ಷ ಚಿಕ್ಕವಳು ತಂಗಿ ಸವಿತಾ. ಲೆಕ್ಕದಲ್ಲಿ ಅಕ್ಕನನ್ನೂ ಮೀರಿಸಿದವಳು. ಕೆಟ್ಟ ಮಿಕ್ಸಿಯನ್ನು ಬಿಚ್ಚಿ, ಅವ್ವನ ಬೈಗುಳ ಮುಗಿಯುವಷ್ಟರಲ್ಲಿ ತಿರುಗಿಸಿ ತೋರಿಸಿದ ಹುಡುಗಿ. ಈ ವರ್ಷ ಅವಳ ಹತ್ತನೇ ತರಗತಿಯ ಫಲಿತಾಂಶ ಬಂತು, ಗಣಿತದಲ್ಲಿ ತೊಂಬತ್ತೊಂಬತ್ತು. ಸೋಮಪ್ಪ ಉಬ್ಬಿಹೋಗಿ, "ನೀನೂ ಅಕ್ಕನಂಗ ಮೆಷಿನ್ ಕಲಿ. ಆಕಿಗಿಂತ ಮ್ಯಾಲೆ ಹೋಗು, ಡಿಪ್ಲೊಮಾ ಮಾಡು" ಎಂದ.

"ನಾ ಒಲ್ಲೆ" ಎಂದಳು ಸವಿತಾ. "ಹೊಲಿಗಿ ಕಲಿತೀನಿ."

"ಹೊಲಿಗೀನ? ತೊಂಬತ್ತೊಂಬತ್ತು ತಗದು ಹೊಲಿಗೀನ? ನಿಮ್ಮಕ್ಕನ್ನ ನೋಡ್ಯಾರ ಕಲಿ."

"ಅಕ್ಕನ್ನ ನೋಡೇ ಹೇಳಾಕತ್ತೀನಿ ಯಪ್ಪಾ."

ಸೋಮಪ್ಪನಿಗೆ ಅದು ಅರ್ಥವಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಮಹಾನಂದಾಳ ಕೈ ನಿಂತಿತು. ಆಮೇಲೆ ನಲ್ಲಿಯ ಹತ್ತಿರ ಕೊಡ ತುಂಬುವಾಗ ಅವಳು ತಂಗಿಯನ್ನು ಹಿಡಿದು ಕೇಳಿದಳು.

"ಅವತ್ತೊಂದಿನ ನೀ ಆಧಾರ್ ಕಾರ್ಡ್ ಮರೆತು ಹೋಗಿದ್ದ್ಯಲ್ಲ, ಕೊಡಾಕ ವರ್ಕ್‌ಶಾಪಿಗೆ ಬಂದಿದ್ದೆ" ಎಂದಳು ಸವಿತಾ. "ನೀ ಟೇಬಲ್ಲಿಗೆ ಕುಂತಿದ್ದಿ. ಮೆಷಿನ್ನಿಗೆ ಮೀಸಿ ಬರದ ಹುಡುಗ ನಿಂತಿದ್ದ. ಅವಗ ನೀನ ಹೇಳಿಕೊಡಾಕತ್ತಿದ್ದಿ. ಕಾರ್ಡ್ ವಾಚ್‌ಮನ್ ಕೈಯಾಗ ಕೊಟ್ಟು ಬಂದೆ."

"ನನಗಾದದ್ದು ನಿನಗಾಗಂಗಿಲ್ಲ ಸವಿ. ನೀ ಹೋಗು."

"ಆಗಂಗಿಲ್ಲಂತ ಬರದು ಕೊಡ್ತೀಯೇನು?"

ಕೊಡ ತುಂಬಿ ಹರಿಯುತ್ತಿತ್ತು. ಮಹಾನಂದಾ ಬಗ್ಗಿ ನಲ್ಲಿ ತಿರುಗಿಸಿದಳು.

ಅದೇ ವಾರ ಅವಳು ಅಪ್ಪನಿಗೆ ನಿಜ ಹೇಳಿದಳು. ನಿಜ ತಿಳಿದರಾದರೂ ಅಪ್ಪ ಸವಿತಾ ಒಲ್ಲೆ ಎಂದ ಕಾರಣ ಅರಿತು, ಅವಳಿಗೆ ಬುದ್ಧಿ ಹೇಳಿ ದಾರಿಗೆ ತಂದಾನು ಎಂದು ಅವಳ ಲೆಕ್ಕ. ಸೋಮಪ್ಪ ಕೇಳುತ್ತಾ ಕೇಳುತ್ತಾ ಕೈಯಲ್ಲಿದ್ದ ಬೀಡಿ ಹಚ್ಚುವುದನ್ನೇ ಮರೆತ.

"ಅವತ್ತು ನಾ ನೋಡಿದ್ದು?" ಎಂದ ಕೊನೆಗೆ.

"ಅದು ಖರೆ ಯಪ್ಪಾ."

"ಅದಾದ್ರೂ ಖರೆ ಇತ್ತಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಬೈಯಲಿಲ್ಲ. ಮರುದಿನದಿಂದ ಸಂಜೆ ಎಷ್ಟು ಮಾಡಿದಿ ಎಂದು ಕೇಳುವುದನ್ನೂ ಬಿಟ್ಟ. ಸವಿತಾಳಿಗೆ ಅವನು ಬುದ್ಧಿ ಹೇಳಲಿಲ್ಲ. "ಆಕಿಗೆ ಏನ್ ಹೇಳಲಿ, ಯಾವ ಬಾಯಿಲೆ ಹೇಳಲಿ?" ಎಂದು ಚನ್ನಕ್ಕನ ಹತ್ತಿರ ಅಂದನಂತೆ. ಮಗಳು ಗಂಡಸರ ನಡುವೆ ಕಲಿಯುವುದು ಬೇಡವೆಂದು ಮಾತು ಬಿಟ್ಟಿದ್ದ ಚನ್ನಕ್ಕ ಈಗ ಸೆರಗು ಬಾಯಿಗೊತ್ತಿ ಅತ್ತಳು.

ಸವಿತಾ ನೆಲಮಂಗಲದಲ್ಲಿ ಹೊಲಿಗೆ ತರಬೇತಿಗೆ ಸೇರಿದಳು. ಹದಿನೈದು ದಿನದಲ್ಲಿ ಕಾಲರು ಕತ್ತರಿಸುವುದನ್ನು ಕಲಿತು, ಬಟ್ಟೆ ಪೋಲಾಗದಂತೆ ಗೆರೆ ಹಾಕುವ ಹೊಸ ಲೆಕ್ಕವನ್ನು ತಾನೇ ಕಂಡುಹಿಡಿದಳು. ಅವಳಿಗೆ ಪಾಠ ಹೇಳುವ ಮೇಡಂ ಅದನ್ನು ನೋಡಿ, "ಏನೇ ಹುಡುಗಿ, ನೀನು ಇಂಜಿನಿಯರಿಂಗ್ ಓದ್ಬೇಕಿತ್ತು" ಎಂದರಂತೆ. ಸವಿತಾ ಅದನ್ನು ಮನೆಯಲ್ಲಿ ನಗುತ್ತಾ ಹೇಳಿದಳು. ಯಾರೂ ನಗಲಿಲ್ಲ.

ಈಗ ಬೆಳಗ್ಗೆ ಅಕ್ಕತಂಗಿ ಒಟ್ಟಿಗೇ ಹೊರಡುತ್ತಾರೆ. ಮಾಕಳಿಯ ಸ್ಟಾಪಿನಲ್ಲಿ ಸವಿತಾ ರಸ್ತೆ ದಾಟಿ ನೆಲಮಂಗಲದ ಬಸ್ಸಿಗೆ ನಿಲ್ಲುತ್ತಾಳೆ, ಮಹಾನಂದಾ ಪೀಣ್ಯದ ಬಸ್ಸಿಗೆ. ಯಾವ ಬಸ್ಸು ಮೊದಲು ಬಂದರೂ ಹತ್ತುವವಳು ಒಮ್ಮೆ ಕೈ ಎತ್ತುತ್ತಾಳೆ. ಕೆಲವು ದಿನ ನಡುವೆ ಲಾರಿಗಳ ಸಾಲು ನಿಂತಿರುತ್ತದೆ, ಎತ್ತಿದ ಕೈ ಆಚೆಯವಳಿಗೆ ಕಾಣುವುದಿಲ್ಲ.